ಜಾರುಜಗಲಿ ಬೀದಿ

ಹಳೇಪೇಟೆಯ ಎಣ್ಣೆ ವ್ಯಾಪಾರಿ ಗುರುಬಸಪ್ಪ ಹಿಂದೆ ಒಮ್ಮೆ ತನ್ನ ಮನೆಯ ಜಗಲಿಯನ್ನು ಕೀಳಿಸಿ, ಬೀದಿಯ ಕಡೆಗೆ ಇಳಿಜಾರಾಗಿ ಕಟ್ಟಿಸಿದ. ಕಾರಣ ಮೂವರು ಸೋಮಾರಿಗಳು. ಬೆಳಗಾದರೆ ಬಂದು ಕೂರುತ್ತಿದ್ದರು. ಎಣ್ಣೆಗೆ ಬಂದವರಿಗೆಲ್ಲ, “ನೋಡಿ ಅಳೆಸಿಕೊಳ್ಳಿ, ಪಾವಿನೊಳಗೆ ಯಜಮಾನರ ಹೆಬ್ಬೆರಳೂ ಇರುತ್ತೆ” ಎನ್ನುತ್ತಿದ್ದರು. ಕಟ್ಟುವ ಗಾರೆಯವನು, “ನೀರು ಜಾರಬೇಕೋ, ಜನ ಜಾರಬೇಕೋ?” ಎಂದು ಕೇಳಿದನಂತೆ. “ಜನ” ಎಂದ ಗುರುಬಸಪ್ಪ. ಸಾಲದೆಂದು ಕಲ್ಲಿಗೆ ಎಣ್ಣೆಯನ್ನೂ ಸವರಿಸಿದ. ಮೂವರೂ ಎದುರು ಮನೆಯ ಜಗಲಿಗೆ ಹೋದರು. ಅಲ್ಲಿಂದ ಇನ್ನೂ ಗಟ್ಟಿಯಾಗಿ ಮಾತಾಡತೊಡಗಿದರು.

ಗುರುಬಸಪ್ಪ ಮಗಳು ನೀಲಮ್ಮನಿಗೆ ಗಂಡು ಹುಡುಕಿ ಸೋತಿದ್ದ. ಕೊನೆಗೆ ಒಂದು ಒಳ್ಳೆಯ ಮನೆತನದವರು ನೋಡಲು ಬಂದರು. ಆಗಿನ ಪದ್ಧತಿಯಂತೆ ಗಂಡಿನ ಕಡೆಯ ಹಿರಿಯ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳದೆ ಹೊಸ್ತಿಲು ದಾಟುತ್ತಿರಲಿಲ್ಲ. ಗಂಡಿನ ತಾತ ಕೂತ. ಜಾರಿ ಬೀದಿಗೆ ಬಂದ. ಎತ್ತಿ ಕೂರಿಸಿದರು. ಮತ್ತೆ ಬಂದ. ಈ ಸಲ ತಾಂಬೂಲದ ತಟ್ಟೆಯೂ ಜೊತೆಗೆ ಬಂತು.

“ಇನ್ನೂ ಹೆಣ್ಣು ತೋರಿಸಿಲ್ಲ, ಆಗಲೇ ಸಾಗಹಾಕ್ತಾ ಇದ್ದೀರಲ್ಲ ಸ್ವಾಮಿ” ಎಂದ ತಾತ.

“ಒಳಗೆ ಬನ್ನಿ, ಚಾಪೆ ಹಾಸಿದೆ.”

“ಕೂರೋಕೆ ಜಗಲಿ ಇಲ್ಲದ ಮನೆಯ ಹೆಣ್ಣು ನಮಗೆ ಬೇಡ” ಎಂದು ತಾತ ತನ್ನ ಮೆಟ್ಟು ಹುಡುಕತೊಡಗಿದ.

ಗುರುಬಸಪ್ಪ ಬೀದಿ ದಾಟಿ ಸೋಮಾರಿಗಳ ಮುಂದೆ ನಿಂತ.

“ಸ್ವಲ್ಪ ನಮ್ಮ ಜಗಲಿಗೆ ಬನ್ರಪ್ಪಾ.”

“ಅದು ಜಾರುತ್ತಲ್ಲ ಯಜಮಾನ್ರೇ.”

“ಅದಕ್ಕೇ ಕರೀತಿರೋದು.”

“ಹಾಗಾದ್ರೆ ನಾಳೆಯಿಂದ ಅಲ್ಲೇ ನಮಗೆ ಕಾಯಂ ಜಾಗ ಆಗಬೇಕು.”

ಗುರುಬಸಪ್ಪ ತನ್ನ ಮನೆಯ ಕಡೆ ತಿರುಗಿ ನೋಡಿದ. ಕಿಟಕಿಯ ಹಿಂದಿನಿಂದ ನೀಲಮ್ಮ, “ಒಪ್ಕೊಳ್ಳಪ್ಪಾ” ಎಂದಳು. ಒಪ್ಪಿದ.

ಮೂವರೂ ಬೀದಿಯಲ್ಲಿ ಕಾಲೂರಿ, ಜಗಲಿಯ ಅಂಚಿಗೆ ಬೆನ್ನು ಕೊಟ್ಟು ನಿಂತರು. ತಾತ ಅವರ ಬೆನ್ನಿಗೆ ಪಾದ ಒತ್ತಿ ಕೂತ. ಎಲೆಅಡಿಕೆ ಹಾಕಿಕೊಂಡ. ಒಳಗೆ ಹೋಗಿ ಹೆಣ್ಣು ನೋಡಿದ. ಮದುವೆ ನಿಶ್ಚಯವಾಯಿತು. ಅಷ್ಟು ಹೊತ್ತೂ ಮೂವರು ಬಾಯಿ ಬಿಡಲಿಲ್ಲ ಎನ್ನುತ್ತಾರೆ. ನಾನು ನಂಬುವುದಿಲ್ಲ.

ಹಳೇಪೇಟೆಯ ಮನೆಗಳನ್ನು ನಡೆದು ನೋಡಲು ಬರುವವರು ಜಾರುಜಗಲಿ ಬೀದಿಯಲ್ಲಿ ನಿಲ್ಲುತ್ತಾರೆ. ಇಳಿಜಾರು ಮಳೆನೀರಿಗಾಗಿ, ಅಂಚಿಗೆ ನೆಟ್ಟ ಮೂರು ಗಿಡ್ಡ ಕಲ್ಲು ಗಾಡಿಯ ಗಾಲಿ ತಾಗದಿರಲೆಂದು, ಎಂದು ಒಬ್ಬರಿಗೊಬ್ಬರು ವಿವರಿಸುತ್ತಾರೆ. ಹಾಗಲ್ಲ. ಆ ಮೂವರು ಜಾರದಂತೆ ಪಾದ ಒತ್ತಿ ಕೂರಲು ಒಬ್ಬೊಬ್ಬನಿಗೆ ಒಂದೊಂದು ಕಲ್ಲು. ಸಾಯುವ ತನಕ ಕೂತರು. ಗುರುಬಸಪ್ಪ ಪಾವಿನಿಂದ ಹೆಬ್ಬೆರಳು ತೆಗೆದ.