ಹರಿದ ನೂಲಿನ ಗೋಪುರ

ಫ್ರಾನ್ಸಿನ ಉತ್ತರದ ಬಯಲಿನಲ್ಲಿರುವ ಆರ್ಲಿಕೂರ್ ಪಟ್ಟಣಕ್ಕೆ ಹೋಗುವವರಿಗೆ ಊರಿಗಿಂತ ಮೊದಲು ಕಾಣುವುದು ಅದರ ಗಂಟೆಗೋಪುರ. ಸುತ್ತ ಎಲ್ಲೂ ಗುಡ್ಡವಿಲ್ಲದ್ದರಿಂದ ಎರಡು ಹರದಾರಿ ದೂರದಿಂದಲೇ ಅದು ಒಂಟಿಯಾಗಿ ಎದ್ದು ನಿಂತಿರುತ್ತದೆ. ಹತ್ತಿರ ಹೋಗಿ ಕತ್ತೆತ್ತಿದರೆ ಬೂದುಗಲ್ಲಿನ ಮೇಲೆ ಕಲ್ಲು ಏರುತ್ತಲೇ ಹೋಗಿ, ಇದನ್ನು ಕಟ್ಟಿದವರು ನಮ್ಮಂಥ ಮನುಷ್ಯರೇ ಹೌದೇ ಎನಿಸುತ್ತದೆ. ಇಷ್ಟು ದೊಡ್ಡ ಗೋಪುರಕ್ಕೆ ಊರವರು ಇಟ್ಟುಕೊಂಡಿರುವ ಹೆಸರು ಮಾತ್ರ ‘ಹರಿದ ನೂಲಿನ ಗೋಪುರ’. ರಾಜನ ಹೆಸರಿಲ್ಲ, ಸಂತನ ಹೆಸರಿಲ್ಲ. ಬಂದವರೆಲ್ಲ ಮುನ್ನೂರು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಫೋಟೋ ತೆಗೆದುಕೊಂಡು ಇಳಿಯುತ್ತಾರೆ. ಬಾಗಿಲು ಕಾಯುವ ಮದಾಮ್ ಕ್ಲೋತಿಲ್ದ್ ಎಂಬ ಎಪ್ಪತ್ತರ ಹೆಂಗಸು ನನ್ನನ್ನು ಮಾತ್ರ ತಡೆದು, “ಹೆಸರಿನ ಕಥೆ ಬೇಕಾದ್ರೆ ಹತ್ತಬೇಡಿ, ಇಳೀರಿ” ಎಂದು ನೆಲಮಾಳಿಗೆಯ ಕಡೆ ಕೈ ತೋರಿಸಿದರು. ಆಕೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಐದಾರು ಶತಮಾನಗಳ ಕೆಳಗೆ, ಈ ಊರು ತೆಳುವಾದ ಬಿಳಿ ಬಟ್ಟೆಗೆ ಹೆಸರುವಾಸಿಯಾಗಿತ್ತಂತೆ. ಅಗಸೆ ನಾರಿನ ಆ ನೂಲು ಎಷ್ಟು ನಯವೆಂದರೆ ಒಣಗಾಳಿ ಸೋಕಿದರೆ ಸಾಕು, ಪಟ್ಟನೆ ಹರಿಯುತ್ತಿತ್ತು. ಆದ್ದರಿಂದ ಇಲ್ಲಿನ ನೇಕಾರರು ಬಿಸಿಲು ಕಾಣುವ ಮನೆಯಲ್ಲಿ ಮಗ್ಗ ಹೂಡುತ್ತಿರಲಿಲ್ಲ. ಸುಣ್ಣಗಲ್ಲಿನ ನೆಲ ಕೊರೆದು ಮಾಡಿದ ಮಾಳಿಗೆಗಳ ತೇವದಲ್ಲಿ, ಕಿಂಡಿ ಮುಚ್ಚಿಕೊಂಡು, ದೀಪದ ಬೆಳಕಿನಲ್ಲಿ ನೇಯುತ್ತಿದ್ದರು. ನಮ್ಮ ಕಡೆಯ ಗುಂಡಿಮಗ್ಗದಲ್ಲಿ ನೇಕಾರನ ಕಾಲಷ್ಟೇ ನೆಲದೊಳಗಿರುತ್ತದೆ. ಇವರದು ಇಡೀ ಬದುಕೇ ನೆಲದೊಳಗೆ. ನೇಕಾರರ ಸಂಘದ ಕಟ್ಟಳೆಯೂ ಅಷ್ಟೇ ಬಿಗಿ. ಒಂದು ವಾರದಲ್ಲಿ ಮೂರು ಸಲಕ್ಕಿಂತ ಹೆಚ್ಚು ನೂಲು ಹರಿದರೆ ಆ ಕೈ ಕೆಟ್ಟಿತೆಂದು ತೀರ್ಮಾನಿಸಿ, ಮಗ್ಗಕ್ಕೆ ಅರಗಿನ ಮುದ್ರೆ ಒತ್ತುತ್ತಿದ್ದರು. ಮುದ್ರೆ ಬಿದ್ದ ಮಗ್ಗವನ್ನು ಮತ್ತೆ ಮುಟ್ಟುವಂತಿಲ್ಲ. ಹೀಗಾಗಿ ನೂಲು ಹರಿದರೆ ಯಾರೂ ಉಸಿರೆತ್ತುತ್ತಿರಲಿಲ್ಲ. ಕಣ್ಣಿಗೆ ಕಾಣದಂಥ ಗಂಟು ಹಾಕಿ ಮುಂದೆ ನೇಯುವುದೇ ಅಲ್ಲಿನ ಜಾಣತನವಾಗಿತ್ತು.

ಆ ಕಾಲದ ಒಂದು ವಸಂತದಲ್ಲಿ ಶತ್ರುಸೈನ್ಯವೊಂದು ಬಂದು ಊರಿಗೆ ಮುತ್ತಿಗೆ ಹಾಕಿತು. ಕೋಟೆಗೋಡೆ ಗಟ್ಟಿಯಿತ್ತು, ಕಣಜದಲ್ಲಿ ಕಾಳಿತ್ತು. ಊರಿನ ಮಕ್ಕಳನ್ನೆಲ್ಲ ಗೋಪುರದೊಳಗೆ ಇರಿಸಿದರು. ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿರಲಿಲ್ಲ. ಇಜಾಬೋ ಎಂಬ ವಿಧವೆಯ ಇಬ್ಬರು ಮಕ್ಕಳೂ ಅಲ್ಲಿಯೇ ಇದ್ದರು. ಗೋಡೆಯಿಂದ ಗೋಪುರದವರೆಗೆ ಸಾಗುವ ನೇಕಾರರ ಬೀದಿಯಲ್ಲಿ ಆಕೆಯ ಮನೆ. ಆ ಮಕ್ಕಳ ಹೊಟ್ಟೆಗೆ ಆಧಾರ ಅವಳ ಮಗ್ಗವೊಂದೇ. ಮುತ್ತಿಗೆಯ ನಡುವೆಯೂ ನೇಯುತ್ತಿದ್ದ ಅವಳ ನೂಲು ಮೂರು ದಿನದಲ್ಲಿ ನಾಲ್ಕು ಸಲ ಹರಿಯಿತು. ಕೈಗೆ ವಯಸ್ಸಾಯಿತೆಂದು ಒಳಗೊಳಗೇ ಅತ್ತು, ಎಲ್ಲರಂತೆ ಗುಟ್ಟಾಗಿ ಗಂಟು ಹಾಕಿದಳು. ಐದನೆಯ ಸಲ ಹರಿದಾಗ ಎಳೆಯ ತುದಿ ನೆನೆಸಲು ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ಒದ್ದೆ ಬೆರಳಿನ ಒಂದು ಮಗ್ಗುಲು ತಣ್ಣಗಾಯಿತು. ಕಿಂಡಿ ಮುಚ್ಚಿತ್ತು, ಬಾಗಿಲು ಹಾಕಿತ್ತು. ಗಾಳಿ ಬರುತ್ತಿದ್ದುದು ನೆಲದ ಬಿರುಕಿನಿಂದ. ನೆಲದಡಿಯಿಂದ ಗಾಳಿ ಬರಬೇಕಾದರೆ ಅಲ್ಲೆಲ್ಲೋ ಯಾರೋ ನೆಲ ತೆರೆದಿರಲೇಬೇಕು.

ಇಜಾಬೋ ಗೋಪುರದ ತುದಿಗೆ ಓಡಿ ಕಾವಲಿನವರಿಗೆ ಹೇಳಿದಳು. ಹಾರುವ ಕಾಗೆಯನ್ನೂ ಬಿಡದೆ ನೋಡುತ್ತಿದ್ದ ಆ ಮಹಾಶಯರು ಕಾಲಕೆಳಗಿನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅಲ್ಲಿಂದ ಅವಳು ಸಂಘದ ಯಜಮಾನ ವಾಲೆರಾಂ ಬಳಿಗೆ ಹೋದಳು. ಆತ ಕೆಟ್ಟವನಲ್ಲ, ಕಟ್ಟಳೆಯ ಮನುಷ್ಯ. ಮರುದಿನ ಬೀದಿಯವರನ್ನೆಲ್ಲ ಗೋಪುರದ ಮುಂದೆ ಸೇರಿಸಿ, ಬೇರೆ ಯಾರ ನೂಲಾದರೂ ಹರಿಯುತ್ತಿದೆಯೇ ಎಂದು ಕೇಳಿದ. ಒಬ್ಬೊಬ್ಬರೂ ಇಲ್ಲ ಎಂದು ತಲೆಯಾಡಿಸಿದರು. ಅಷ್ಟೂ ಜನ ಸುಳ್ಳು ಹೇಳುತ್ತಿದ್ದರು ಎನ್ನುವಾಗ ಮದಾಮ್ ಕ್ಲೋತಿಲ್ದ್ ಅವರಿಗೆ ಇಂದಿಗೂ ಸಿಟ್ಟು ಬರುತ್ತದೆ.

“ಇನ್ನೂ ಕಾಲ ಮಿಂಚಿಲ್ಲ, ಇಜಾಬೋ. ಹರೀಲಿಲ್ಲ ಅಂದುಬಿಡು, ಮನೆಗೆ ಹೋಗು,” ಎಂದ ವಾಲೆರಾಂ.

“ಬೆಳಿಗ್ಗೆಯಿಂದ ಇನ್ನೂ ಎರಡು ಸಲ ಹರೀತು, ಯಜಮಾನ್ರೇ. ಒಟ್ಟು ಏಳು. ನನ್ನ ಮಗ್ಗ ಹೋದ್ರೆ ಹೋಗ್ಲಿ, ಮುದ್ರೆ ಒತ್ತಿ. ಆದ್ರೆ ನೆಲ ಅಗೆಸಿ. ಮಕ್ಕಳು ಒಳಗಿದಾರೆ.”

ಮಗ್ಗವನ್ನು ಹೊರಗೆ ತರಿಸಿದರು. ಅರಗು ಕರಗಿತು. ಅರ್ಧ ನೇಯ್ದ ಬಟ್ಟೆಯ ಸಮೇತ ಮಗ್ಗದ ಮರಕ್ಕೆ ಮುದ್ರೆ ಬಿತ್ತು. ಇಜಾಬೋ ಅಳಲಿಲ್ಲ, ಬೀದಿಯವರ ಮುಖವನ್ನು ಒಂದೊಂದಾಗಿ ನೋಡಿದಳು. ಆ ನೋಟವನ್ನು ತಡೆಯಲಾರದೆ ಮೊದಲು ಬಾಯಿಬಿಟ್ಟವನು ಎದುರುಮನೆಯ ಮುದುಕ ಬೋದ್ವೆ, ಊರಿಗೇ ದೊಡ್ಡ ಕೈ ಎನಿಸಿಕೊಂಡಿದ್ದವನು. “ನಂದು ಹನ್ನೊಂದು,” ಎಂದು ತಲೆ ತಗ್ಗಿಸಿದ. ಹಿಂದೆಯೇ ಒಬ್ಬಳು ಒಂಬತ್ತು ಎಂದಳು. ಇನ್ನೊಬ್ಬ ಹದಿನಾಲ್ಕು ಎಂದ. ವರ್ಷಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡಿದ್ದ ಬೀದಿ ಒಮ್ಮೆಲೇ ಮಾತಾಡತೊಡಗಿತು. ವಾಲೆರಾಂ ಸುಣ್ಣದ ತುಂಡು ಹಿಡಿದು ಮನೆಮನೆಯ ಬಾಗಿಲ ಮೇಲೆ ಸಂಖ್ಯೆ ಬರೆಯುತ್ತ ಹೋದ. ಬರೆದು ಮುಗಿಸಿ ತಿರುಗಿ ನೋಡಿದರೆ, ಹೆಚ್ಚು ಹರಿದ ಮನೆಗಳೆಲ್ಲ ಕೋಟೆಗೋಡೆಯಿಂದ ಹೊರಟು ಒಂದೇ ಸಾಲಾಗಿ ನೇರ ಗೋಪುರದ ಬುಡಕ್ಕೆ ಬಂದು ನಿಂತಿದ್ದವು. ನೆಲದಡಿಯ ಸುರಂಗ ಬೀದಿಯ ಮೇಲೆ ಬರೆದಿಟ್ಟಂತೆ ಕಾಣುತ್ತಿತ್ತು.

ಮಕ್ಕಳನ್ನು ಹೊರಗೆ ಕರೆತಂದು, ಗೋಪುರದ ಬುಡದಲ್ಲಿ ಆಳುದ್ದ ಅಗೆಯುವಷ್ಟರಲ್ಲಿ ಗುದ್ದಲಿ ಟೊಳ್ಳಿಗೆ ಬಿತ್ತು. ಕೆಳಗೆ ಶತ್ರುಗಳು ಅಡಿಪಾಯದ ಕಲ್ಲುಗಳನ್ನು ಬಿಡಿಸಿ, ಮರದ ಕಂಬಗಳ ಮೇಲೆ ಆನಿಸಿ, ಸುತ್ತ ಒಣಸೌದೆ ಒಟ್ಟಿ ಡಾಂಬರು ಸುರಿದಿದ್ದರು. ಬೆಂಕಿ ಇಡುವುದೊಂದೇ ಬಾಕಿಯಿತ್ತು, ಕಂಬಗಳು ಉರಿದರೆ ಗೋಪುರ ಕುಸಿಯುತ್ತಿತ್ತು. ಊರವರು ಕಾಲುವೆ ಒಡೆದು ಸುರಂಗಕ್ಕೆ ನೀರು ನುಗ್ಗಿಸಿದರು. ವಾರದೊಳಗೆ ಶತ್ರು ಡೇರೆ ಕಿತ್ತು ಹೋದ ಎನ್ನುತ್ತಾರೆ. ವಾಲೆರಾಂ ತಾನೇ ಬಂದು ಮುದ್ರೆ ಒಡೆಯಲು ಹೊರಟಾಗ ಇಜಾಬೋ ಬಿಡಲಿಲ್ಲವಂತೆ. “ಇದು ಹೀಗೇ ಇರ್ಲಿ. ಒಡೆಯೋದಾದ್ರೆ ಆ ಕಟ್ಟಳೆ ಒಡೀರಿ,” ಎಂದಳಂತೆ. ಕಟ್ಟಳೆ ಹೋಯಿತು. ಬೀದಿಯವರು ಸೇರಿ ಅವಳಿಗೆ ಹೊಸ ಮಗ್ಗ ಮಾಡಿಸಿಕೊಟ್ಟರು. ಅಂದಿನಿಂದ ಅಲ್ಲಿ ಯಾರದೇ ನೂಲು ಹರಿದರೂ ಬಾಗಿಲಿಗೆ ಬಂದು ಕೂಗಿ ಹೇಳುವ ರೂಢಿ ಬಂತು.

ಈಗ ಅಲ್ಲಿ ನೇಕಾರರಿಲ್ಲ. ಗೋಪುರದ ನೆಲಮಾಳಿಗೆಯಲ್ಲಿ ಹಳೆಯ ಮಗ್ಗವೊಂದಿದೆ, ಅದರ ಮೇಲೆ ಕಪ್ಪಾದ ಅರಗಿನ ಮುದ್ರೆಯಿದೆ, ಮುಗಿಯದ ಬಟ್ಟೆಯಿದೆ. ಒಂದು ಬೆರಳಿನಿಂದ ಮಾತ್ರ ಮುಟ್ಟಬಹುದು. ಇಜಾಬೋ ಮುಚ್ಚಿಡದೆ ಹಾಕಿದ ಕೊನೆಯ ಮೂರು ಗಂಟುಗಳು ಅಕ್ಕಿಕಾಳಿನಂತೆ ಎದ್ದು ಕಾಣುತ್ತವೆ. ಮೊದಲ ನಾಲ್ಕನ್ನು ಹುಡುಕುತ್ತ ನಾನು ತುಂಬ ಹೊತ್ತು ನಿಂತೆ. ತಲೆಯ ಮೇಲೆ ಅಷ್ಟೂ ಸಾವಿರ ಕಲ್ಲುಗಳ ಭಾರ, ಬೆರಳ ಕೆಳಗೆ ನೀರಿನಷ್ಟು ನಯವಾದ ಬಟ್ಟೆ.

“ಬಿಡಿ, ನಲವತ್ತು ವರ್ಷದಿಂದ ನಾನೂ ಹುಡುಕ್ತಾ ಇದೀನಿ,” ಎಂದರು ಮದಾಮ್ ಕ್ಲೋತಿಲ್ದ್. “ಅಷ್ಟು ಒಳ್ಳೆ ಕೈ ಅವಳದು.”

ಆ ನಾಲ್ಕು ಗಂಟುಗಳು ಇಂದಿನವರೆಗೂ ಯಾರಿಗೂ ಸಿಕ್ಕಿಲ್ಲ.