ಎರಡೂ ಬೇಕೆಂದ ಲಾರಿ

ಗುಡ್ಡಗಾಡಿನ ಡೀಸೆಲ್ ಲಾರಿಯೊಂದು ಆಕ್ಸಲ್ಲಿನ ಗೇರುಗಳು ಸವೆದುಹೋದವೆಂದು ಮಟಮಟ ಮಧ್ಯಾಹ್ನ ಗುಜರಿ ಅಂಗಡಿಗೆ ಬಂತು. ಸತ್ತ ಗಾಡಿಗಳ ಬಿಡಿಭಾಗಗಳು ಅಲ್ಲಿ ರಾಶಿ ಬಿದ್ದಿದ್ದವು. ಒಂದು ನರಪಿಳ್ಳೆಯೂ ಇರಲಿಲ್ಲ.

“ನಾನು ನಿಧಾನ. ಆದರೆ ಎಂಥ ಏರನ್ನೂ ಹತ್ತಿಸುತ್ತೇನೆ,” ಎಂದಿತು ರಾಶಿಯಲ್ಲಿದ್ದ ಒಂದು ಗೇರು.

“ಏರು ನನ್ನಿಂದಾಗದು. ಡಾಂಬರು ರಸ್ತೆಯಲ್ಲಿ ಗಾಳಿಯ ಹಾಗೆ ಓಡಿಸುತ್ತೇನೆ,” ಎಂದಿತು ಪಕ್ಕದ್ದು. ಎರಡರ ದನಿಯೂ ಒಂದೇ ಆಗಿತ್ತು.

ಲಾರಿಗೆ ಯಾವುದನ್ನೂ ಬಿಡಲು ಮನಸ್ಸಾಗಲಿಲ್ಲ. ನಿಧಾನದ್ದನ್ನು ಮುಂದಿನ ಆಕ್ಸಲ್ಲಿಗೂ ವೇಗದ್ದನ್ನು ಹಿಂದಿನದಕ್ಕೂ ಆರಿಸಿಕೊಂಡಿತು.

ಎಡಬಲದ ಚಕ್ರಗಳನ್ನು ಒಂದಾಗಿ ಬಿಗಿಯುವ ಮುದಿ ಲಾಕರೊಂದು ಮೂಲೆಯಿಂದ ಕೆಮ್ಮಿತು. “ಹಿಂದೆ ಮುಂದೆ ಒಂದೇ ಥರದ ಗೇರು ಇರಬೇಕು ಕಣಪ್ಪಾ. ನಿನಗಿಂತ ಮೊದಲು ಬಂದವನಿಗೂ ಹೇಳಿದ್ದೆ.”

“ಅವನೀಗ ಎಲ್ಲಿದ್ದಾನೆ?”

“ಇಷ್ಟು ಹೊತ್ತು ಅವನೊಡನೆಯೇ ಮಾತಾಡಿದೆಯಲ್ಲ.”

ಮುದುಕನಿಗೆ ಅರಳುಮರಳು ಎಂದುಕೊಂಡು ಲಾರಿ ಎರಡು ಗೇರುಗಳನ್ನೂ ತೊಟ್ಟು ಹೊರಟಿತು. ಡಾಂಬರಿನ ಮೇಲೆ ಹಿಂದಿನ ಚಕ್ರಗಳಷ್ಟೇ ದುಡಿದವು, ಓಟ ಸೊಗಸಾಗಿತ್ತು. ಬಂಡೆಯ ಏರು ಬಂದಾಗ ಲಾರಿ ನಾಲ್ಕೂ ಚಕ್ರಗಳನ್ನು ದುಡಿಮೆಗೆ ಹಚ್ಚಿತು. ಹಿಂದಿನವು ಓಡು ಎಂದವು, ಮುಂದಿನವು ತಾಳು ಎಂದವು. ನಡುವೆ ಸಿಕ್ಕ ಲಾರಿ ಮುರಿದು ಕಣಿವೆಗೆ ಉರುಳಿತು. ಗೇರುಗಳೆರಡು ಮಾತ್ರ ಉಳಿದು ಗುಜರಿಗೆ ಮರಳಿದವು.

ಇನ್ನೊಂದು ಮಧ್ಯಾಹ್ನ ಹೊಸ ಬಣ್ಣದ ಲಾರಿಯೊಂದು ಅಲ್ಲಿಗೆ ಬಂತು. ಬೇಡ, ಹೋಗು ಎಂದು ಹೇಳಲು ಸತ್ತ ಲಾರಿ ರಾಶಿಯೊಳಗಿಂದ ಬಾಯಿ ತೆರೆಯಿತು. ಆದರೆ ಅದಕ್ಕೀಗ ಉಳಿದಿದ್ದ ಬಾಯಿ ಆ ಗೇರುಗಳದ್ದೇ.

“ನಾನು ನಿಧಾನ,” ಎಂದಿತು ಅದು. “ಆದರೆ ಎಂಥ ಏರನ್ನೂ ಹತ್ತಿಸುತ್ತೇನೆ.”