ಕಂಬಳಿಯ ಕೊಳೆ

“ಅಜ್ಜಾರ, ಮನಸು ತೊಳದು ತೊಳದು ಸಾಕಾಗಿ ಹೋಗೇತಿ. ಇಷ್ಟು ತೊಳದ್ರೂ ಒಳಗ ಏನೂ ಸಿಗವಲ್ದು. ಯಾಕ?” ಎಂದು ಶಿಷ್ಯ ಮುಪ್ಪಯ್ಯ ಕೇಳಿದ.

ಮಠದ ಅಜ್ಜನವರಿಗೆ ಈ ಪ್ರಶ್ನೆ ಕೇಳಿ ಕೇಳಿ ಬೇಸರ ಬಂದಿತ್ತು. ಆ ವಾರದಲ್ಲೇ ಅದು ನಾಲ್ಕನೆಯ ಸಲ. “ಏನೇನು ತೊಳದಿ?” ಎಂದರು.

“ಮಮತಾ ಅಂದ್ರ ಕೊಳಿ ಅಂತ ನೀವ ಹೇಳಿದ್ರಿ. ಮದಲ ಅದನ್ನ ತೊಳದೆ. ನನ್ನ ಎತ್ತಿ ಆಡಿಸಿದ ಅಕ್ಕ ಹಾಸಿಗಿ ಹಿಡದಾಳಂತ ಶ್ರಾವಣದಾಗ ಮೂರು ಸಲ ಹೇಳಿ ಕಳಿಸಿದ್ರು. ನಾ ಹೋಗಲಿಲ್ಲ.”

ಆಗ ಕಾರ್ತಿಕ ಮಾಸ ನಡೆದಿತ್ತು. ಅಜ್ಜನವರು ಹಣೆ ಒತ್ತಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಜಾಲಗಾರನಿದ್ದ. ಜಾಲಗಾರ ಎಂದರೆ ಗುಡ್ಡದ ಹಳ್ಳಗಳಲ್ಲಿ ಮಣ್ಣು ತೊಳೆದು ಬಂಗಾರದ ಪುಡಿ ತೆಗೆಯುವವನು. ಜನ್ಮವಿಡೀ ಬಂಗಾರ ತೆಗೆದರೂ ಅವನ ಮನೆಯ ಹೆಂಗಸರ ಕೊರಳಿಗೆ ಬಂಗಾರ ಹತ್ತಿರಲಿಲ್ಲ. ತೆಗೆದದ್ದೆಲ್ಲ ಜೋಳಕ್ಕೆ, ಉಪ್ಪಿಗೆ ಹೋಗುತ್ತಿತ್ತು. ಅವನ ತಾಯಿ ತಾಳಿಯ ಜಾಗದಲ್ಲಿ ಅರಿಶಿನದ ಕೊಂಬು ಕಟ್ಟಿಕೊಂಡಿದ್ದಳು. ಹೆಂಡತಿಯೂ ಅದನ್ನೇ ಕಟ್ಟಿಕೊಂಡು ಬಂದು, ಅದರಲ್ಲೇ ಕಣ್ಣು ಮುಚ್ಚಿದಳು. ಮಗಳ ಮದುವೆ ಗೊತ್ತಾದಾಗ ಜಾಲಗಾರ ಹಟ ಹಿಡಿದ. ಇವಳ ತಾಳಿಯಾದರೂ ಬಂಗಾರದ್ದೇ ಆಗಬೇಕು.

ಮರದ ಮರಿಗೆಯಲ್ಲಿ ಬೊಗಸೆ ಬೊಗಸೆ ಮಣ್ಣು ಜಾಲಿಸಿದರೆ ಅದು ಆಗುವ ಮಾತಲ್ಲ. ಅವನು ನೀರನ್ನೇ ಆಳು ಮಾಡಿಕೊಂಡ. ಗುಡ್ಡದ ನೆತ್ತಿಯಲ್ಲಿ ಒಡ್ಡು ಕಟ್ಟಿ ಮಳೆನೀರು ನಿಲ್ಲಿಸಿದ. ಒಡ್ಡಿಗೆ ತೂಬು ಇಟ್ಟ. ತೂಬು ಕಿತ್ತರೆ ನೀರು ಒಮ್ಮೆಲೇ ನುಗ್ಗಿ, ಹತ್ತಾಳು ತಿಂಗಳುಗಟ್ಟಲೆ ಅಗೆಯುವ ಮಣ್ಣನ್ನು ಗಳಿಗೆಯಲ್ಲಿ ಕಿತ್ತು ತರುತ್ತಿತ್ತು. ಕೆಳಗಿನ ಕಾಲುವೆಯಲ್ಲಿ ಕಂಬಳಿ ಹಾಸಿ ಗೂಟ ಹೊಡೆದಿದ್ದ. ರಾಡಿ ಕಂಬಳಿಯ ಮೇಲೆ ಹಾದು ಹೋಗುತ್ತದೆ. ಬಂಗಾರ ಭಾರ, ಅದು ಉಣ್ಣೆಯಲ್ಲಿ ಕೂತುಬಿಡುತ್ತದೆ. ಮಳೆಗಾಲ ಮುಗಿದ ಮೇಲೆ ಕಂಬಳಿಯನ್ನು ಒಣಗಿಸಿ, ಸುಟ್ಟು, ಬೂದಿಯನ್ನು ಮರಿಗೆಯಲ್ಲಿ ಜಾಲಿಸಿದರೆ ಬಂಗಾರ ತಳದಲ್ಲಿ ನಿಲ್ಲುತ್ತದೆ.

ಆ ಮಳೆಗಾಲದಲ್ಲಿ ಅವನು ಆರು ಸಲ ತೂಬು ಕಿತ್ತ. ಕಂಬಳಿ ಎತ್ತಲಾಗದಷ್ಟು ಭಾರವಾಯಿತು, ಗಬ್ಬು ನಾರಿತು. ಅವನಿಗೆ ಆ ನಾತವೇ ಗಂಧ. ಅಂಗಳದಲ್ಲಿ ಒಣಹಾಕಿ, ದಿನಕ್ಕೆ ನಾಲ್ಕು ಸಲ ಸವರಿ ನೋಡುತ್ತಿದ್ದ.

ಆ ಗುಡ್ಡದವರಲ್ಲಿ ಒಂದು ರೂಢಿಯಿತ್ತು. ಬಂಗಾರವನ್ನು ಹೆಸರು ಹಿಡಿದು ಕರೆದರೆ ಅದು ಮುನಿಸಿಕೊಂಡು ಮಣ್ಣಿನಲ್ಲಿ ಅಡಗುತ್ತದೆ ಎಂದು ನಂಬಿದ್ದರು. ಬೂದಿ ಜಾಲಿಸುವ ತನಕ ಅದನ್ನು ಕೊಳೆ ಎಂದೇ ಕರೆಯಬೇಕು. ಮನೆಗೆ ಬಂದ ಹೊಸಬರಿಗೂ ಆ ಹೊತ್ತಿನಲ್ಲೇ ಗುಟ್ಟು ತೋರಿಸಬೇಕು. ಅದೇನು ಬುದ್ಧಿಯೋ! ಊರಿಗೆಲ್ಲ ಗೊತ್ತಿರುವ ಗುಟ್ಟು ಮನೆಯ ಸೊಸೆಗೆ ಗೊತ್ತಿಲ್ಲ.

ಸೊಸೆ ಬಂದು ಹತ್ತು ದಿನವಾಗಿತ್ತು. ಬಯಲು ಊರಿನವಳು, ಚೊಕ್ಕಟ ಕೈಯವಳು, ಒಂದು ಮಾತನ್ನು ಎರಡು ಸಲ ಹೇಳಿಸಿಕೊಳ್ಳುವವಳಲ್ಲ. ಮದುವೆಯ ಮಗಳು ಸೋದರಮಾವನ ಮನೆಗೆ ಉಣ್ಣಲು ಹೋಗಿದ್ದಳು. ತಾಳಿ ಮಾಡುವ ಪತ್ತಾರನನ್ನು ಕರೆತರಲು ಜಾಲಗಾರ ಮಗನ ಜೊತೆ ಹೊರಟ. ಹೊರಡುವಾಗ ಅವನಿಗೆ ಹಿಗ್ಗು ತಡೆಯಲಾಗಲಿಲ್ಲ.

“ಯವ್ವಾ, ಈ ಸಲ ಕಂಬಳ್ಯಾಗ ಭಾಳ ಕೊಳಿ ಕುಂತೈತಿ. ಇವತ್ತ ತಗದುಬಿಡಬೇಕು” ಎಂದು ಸೊಸೆಗೆ ಹೇಳಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸೊಸೆ ಕಂಬಳಿ ನೋಡಿದಳು. ಬಿಂದಿಗೆ ನೀರಿಗೆ ಹೋಗುವ ಕೊಳೆಯಲ್ಲ. ಅದನ್ನು ಕಾಲುವೆಗೆ ಎಳೆದೊಯ್ದು ಅಂಟುವಾಳ ಹಾಕಿ ತಿಕ್ಕಿದಳು, ಬಂಡೆಗೆ ಬಡಿದಳು. ಆಮೇಲೆ ಕಾಲುವೆಯಲ್ಲಿ ಮಗುಚಿ ಹಾಸಿ ಗೂಟ ಹೊಡೆದಳು. ಒಡ್ಡಿನಲ್ಲಿ ಇನ್ನೊಂದು ಸಲಕ್ಕಾಗುವಷ್ಟು ನೀರು ಉಳಿದಿತ್ತು. ಗುಡ್ಡ ಹತ್ತಿ ತೂಬು ಕಿತ್ತಳು. ಆರು ಸಲ ಹರಿದ ದಾರಿಯಲ್ಲಿ ಮಣ್ಣು ಉಳಿದಿರಲಿಲ್ಲ, ಬರೀ ಬಂಡೆ. ನೀರು ತಿಳಿಯಾಗಿಯೇ ಬಂತು, ಇದ್ದ ಬಲವೆಲ್ಲ ಹಾಕಿ ಬಂತು. ಒಂದು ಮಳೆಗಾಲದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಜಾಲಗಾರ ಪತ್ತಾರನನ್ನು ಕರೆದುಕೊಂಡು ಬಂದಾಗ ಕಂಬಳಿ ಬೇಲಿಯ ಮೇಲೆ ಹರಡಿತ್ತು. ಕುರಿಯ ಮೈಮೇಲಿದ್ದಾಗಲೂ ಆ ಉಣ್ಣೆ ಅಷ್ಟು ಚೊಕ್ಕಟವಾಗಿ ಇದ್ದಿರಲಿಕ್ಕಿಲ್ಲ.

“ನೋಡ್ರಿ ಮಾವಾರ, ಒಂದು ಚೂರು ಕೊಳಿ ಉಳಿಸಿಲ್ಲ” ಎಂದಳು ಸೊಸೆ. ರಟ್ಟೆ ಬಿದ್ದುಹೋಗಿದ್ದರೂ ಅವಳ ಮುಖದ ತುಂಬ ನಗು.

ಜಾಲಗಾರನ ಬಾಯಿಗೆ ಬೈಗುಳ ಬಂತು. ಬೈಯುವುದು ಯಾರನ್ನು? ಕೊಳೆ ಎಂದವನು ತಾನು. ತೆಗೆಯಬೇಕು ಎಂದವನೂ ತಾನು. ಆ ಹುಡುಗಿ ಹಿರಿಯರ ಮಾತು ನಡೆಸಿದಳು, ಅಷ್ಟೇ. ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ತನ್ನ ಹಣೆಯನ್ನೇ ಚಚ್ಚಿಕೊಂಡ. ಮಳೆ ಮುಗಿದಿತ್ತು, ಒಡ್ಡು ಬರಿದಾಗಿತ್ತು. ಪತ್ತಾರ ಬಂದ ದಾರಿಯಲ್ಲೇ ತಿರುಗಿ ಹೋದ. ಮಗಳೂ ಅರಿಶಿನದ ಕೊಂಬು ಕಟ್ಟಿಕೊಂಡೇ ಗಂಡನ ಮನೆಗೆ ಹೋದಳು.

ಅಜ್ಜನವರು ಕತೆಯನ್ನು ಅಲ್ಲಿಗೆ ಬಿಟ್ಟರು. ಮುಪ್ಪಯ್ಯನಿಗೆ ಸೊಸೆಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂದಿತ್ತು.

“ಎಂಥಾ ದಡ್ಡಿರೀ ಆಕಿ! ತೊಳಿಯೂಕಿಂತ ಮದಲ ಒಂದು ಮಾತು ಕೇಳಬಾರದಿತ್ತೇನು?” ಎಂದ.

“ಕೊಳಿ ಅಂತ ನಿನಗ ಹೇಳಿದ ದಡ್ಡ ನಾನ. ಮುಪ್ಪಯ್ಯ, ನಿಮ್ಮಕ್ಕ ಇನ್ನೂ ಅದಾಳೇನು?” ಎಂದರು ಅಜ್ಜನವರು.

ಮುಪ್ಪಯ್ಯನಿಗೆ ಅದು ಗೊತ್ತಿರಲಿಲ್ಲ.